ಶಿರಾ ಗೇಟಿನ ಸಾಕಮ್ಮ ಮಿಸ್

ಸಾಕಮ್ಮ ಮಿಸ್ ಕೂರುತ್ತಿದ್ದುದು ಒಂದು ಮೊಳ ಎತ್ತರದ ಕುರ್ಚಿಯ ಮೇಲೆ. ಮೂರು ವರ್ಷದ ಮಕ್ಕಳಿಗೆಂದು ಬಡಗಿ ಮಾಡಿಕೊಟ್ಟಿದ್ದ ಕೆಂಪು ಬಣ್ಣದ ಮರದ ಕುರ್ಚಿ ಅದು. ಅವರೋ ಎತ್ತರಕ್ಕೂ ಗಾತ್ರಕ್ಕೂ ಬಾಗಿಲು ತುಂಬುವಂಥ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಮಂಡಿ ಹಿಡಿದುಕೊಂಡು, "ಉಸ್ಸಪ್ಪಾ" ಎಂದು ಅದರ ಮೇಲೆ ಇಳಿದರೆಂದರೆ ಕುರ್ಚಿ ಪೂರಾ ಮಾಯವಾಗಿ, ಮಿಸ್ ಗಾಳಿಯ ಮೇಲೆ ಕೂತಂತೆ ಕಾಣುತ್ತಿತ್ತು. ಆ ಶಿಶುವಿಹಾರದಲ್ಲಿ ದೊಡ್ಡವರ ಕುರ್ಚಿ ಅನ್ನುವುದೇ ಇರಲಿಲ್ಲ. ಮಗುವನ್ನು ಸೇರಿಸಲು ಬಂದ ಅಪ್ಪ ಅಮ್ಮಂದಿರು ಮಂಡಿ ಎದೆಗೆ ತಾಗುವಂತೆ ಆ ಪುಟ್ಟ ಕುರ್ಚಿಗಳಲ್ಲೇ ಮುದುಡಿ ಕೂರಬೇಕು. ಒಮ್ಮೆ ವಾರ್ಡಿನ ಕಾರ್ಪೊರೇಟರು ಬಿಳಿ ಪ್ಯಾಂಟು ಹಾಕಿಕೊಂಡು ಮೊಮ್ಮಗಳ ಸೀಟು ಕೇಳಲು ಬಂದಾಗಲೂ ಅಷ್ಟೇ. "ಕೂತ್ಕಳಪ್ಪಾ, ಮುರಿಯಲ್ಲ. ನಾನೇ ಕೂತಿಲ್ವಾ?" ಅಂದಿದ್ದರು. ಏಳುವಾಗ ಕಾರ್ಪೊರೇಟರನ್ನು ಇಬ್ಬರು ಹಿಡಿದೆತ್ತಬೇಕಾಯಿತಂತೆ.

ಮಿಸ್ ಅವರದು ಇನ್ನೊಂದು ವಿಚಿತ್ರ. ಮಕ್ಕಳಿಗೆ ಬಹುವಚನ, ಹೆತ್ತವರಿಗೆ ಏಕವಚನ. ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ಮಗುವಿಗೆ, "ಬನ್ನಿ ಸ್ವಾಮಿ, ಮೂಗು ಒರೆಸ್ಕೊಳಿ" ಅನ್ನುವರು. ಆ ಮಗುವಿನ ಅಪ್ಪ ಬ್ಯಾಂಕ್ ಮ್ಯಾನೇಜರಾಗಿದ್ದರೂ, "ಏನಪ್ಪಾ, ಡಬ್ಬಿ ಮರೆತು ಬಂದ್ಯಾ ಇವತ್ತೂ?" ಎಂದು ದಬಾಯಿಸುವರು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ. "ಮಕ್ಳು ಹೊಸದಾಗಿ ಬಂದವ್ರೆ ಈ ಲೋಕಕ್ಕೆ. ನೆಂಟ್ರಿಗೆ ಯಾರಾದ್ರೂ ಏಕವಚನದಲ್ಲಿ ಮಾತಾಡಿಸ್ತಾರಾ? ನೀನೇನು, ಮನೆಯವನು" ಅಂದರು.

ನಾನು ಅವರ ಬಾಗಿಲಿಗೆ ಹೋದದ್ದು ಸೋತ ಮುಖ ಹೊತ್ತು. ನಾನು ವಸಂತನರಸಾಪುರದ ಒಂದು ಫ್ಯಾಕ್ಟರಿಯ ಸ್ಟೋರ್ಸ್‌ನಲ್ಲಿ ಕೆಲಸಕ್ಕಿದ್ದೇನೆ. ಹೆಂಡತಿ ಶೋಭಾ ಗುಬ್ಬಿಯ ಆಸ್ಪತ್ರೆಯಲ್ಲಿ ನರ್ಸ್. ಬೆಳಿಗ್ಗೆಯೇ ಬಸ್ ಹಿಡಿದು ಹೋಗುತ್ತಾಳೆ. ನನಗಾಗ ಸೆಕೆಂಡ್ ಶಿಫ್ಟ್, ಹಾಗಾಗಿ ಬೆಳಗಿನ ಹೊತ್ತು ಮಗಳು ನನ್ನ ಪಾಲು. ಮಗಳ ಹೆಸರು ಇಂಪನ. ಹುಟ್ಟಿದಾಗ ಆಸೆಪಟ್ಟು ಇಟ್ಟ ಹೆಸರು. ಆದರೆ ಮೂರೂವರೆ ವರ್ಷವಾದರೂ ಆ ಇಂಪು ಮನೆಯ ಹೊಸ್ತಿಲು ದಾಟಿರಲಿಲ್ಲ. ಮನೆಯೊಳಗೆ ಒಂದು ಕ್ಷಣ ಬಾಯಿ ಮುಚ್ಚದವಳು, ಹೊರಗೆ ಕಾಲಿಟ್ಟರೆ ತುಟಿ ಬಿಗಿದುಕೊಂಡು ನನ್ನ ಪ್ಯಾಂಟು ಹಿಡಿದು ನಿಂತುಬಿಡುವಳು. ಅಜ್ಜಿ ಮನೆಗೆ ಹೋದರೂ ಅಷ್ಟೆ, ಅಂಗಡಿಯವನು ಚಾಕಲೇಟು ಕೊಟ್ಟರೂ ಅಷ್ಟೆ.

ಆ ವರ್ಷ ಊರಿನ ಒಂದು ದೊಡ್ಡ ಇಂಗ್ಲಿಷ್ ಮೀಡಿಯಂ ಶಾಲೆಗೆ ಎಲ್‌ಕೆಜಿ ಸೀಟಿಗೆಂದು ಹೋಗಿದ್ದೆವು. ಮೂರೂ ಜನ ಹೊಸ ಬಟ್ಟೆ. ಅಲ್ಲಿನ ಮೇಡಮ್ಮು ಸೇಬಿನ ಚಿತ್ರ ತೋರಿಸಿ ಬಣ್ಣ ಯಾವುದು ಎಂದರು. ಇಂಪನ ನೆಲ ನೋಡಿದಳು. ನಾಯಿಯ ಚಿತ್ರ ತೋರಿಸಿದರು. ನೆಲ ನೋಡಿದಳು. ನಿನ್ನ ಹೆಸರೇನು ಪುಟ್ಟಾ ಎಂದರು. ಶೋಭಾಳೇ ತಡೆಯಲಾರದೆ "ಇಂಪನ" ಎಂದಾಗ, "ಮಗು ಹೇಳಲಿ ಮೇಡಂ" ಅಂದರು. ಮಗು ಹೇಳಲಿಲ್ಲ. ಮುಂದಿನ ವರ್ಷ ನೋಡೋಣ ಎಂದು ನಗುನಗುತ್ತಲೇ ನಮ್ಮನ್ನು ಎಬ್ಬಿಸಿದರು. ಮನೆಯ ಬೀಗ ತೆಗೆದದ್ದೇ ತಡ, ಇಂಪನ "ಅಮ್ಮ, ಆ ಸೇಬು ಕೆಂಪು ಅಲ್ಲ, ಅರ್ಧ ಕೆಂಪು, ಅರ್ಧ ಹಳದಿ. ಆ ಮೇಡಮ್ಮಿಗೆ ಗೊತ್ತಿಲ್ಲ" ಎಂದು ಶುರು ಮಾಡಿದಳು. ನಗಬೇಕೋ ಅಳಬೇಕೋ ನಮಗೆ ತಿಳಿಯಲಿಲ್ಲ.

ಪಕ್ಕದ ಮನೆಯವರು ಸಾಕಮ್ಮ ಮಿಸ್ ಹೆಸರು ಹೇಳಿದರು. ತುಮಕೂರಿನ ಶಿರಾ ಗೇಟ್ ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ, ಬಾಡಿಗೆ ಮನೆಯ ಹಾಲಿನಲ್ಲಿ ಅವರ ಶಿಶುವಿಹಾರ. ಪುಟ್ಟ ಕುರ್ಚಿಯಲ್ಲಿ ಮುದುಡಿ ಕೂತು, ನಾನು ನಾಚಿಕೆಯಿಂದಲೇ ಹೇಳಿದೆ.

"ಮಿಸ್, ಇವಳು ಮಾತಾಡಲ್ಲ."

"ಮನೇಲಿ?"

"ಮನೇಲಿ ಬಾಯಿ ಮುಚ್ಚಲ್ಲ."

"ಮತ್ತೆ? ಮಾತು ಬತ್ತದೆ. ಬೇಕಾದಾಗ ಆಡ್ತಾರೆ. ನಮಗೇನು ಅವಸರ, ನಾವೇನು ರೇಡಿಯೋ ಸ್ಟೇಷನ್ ಇಟ್ಟಿದೀವಾ?" ಅಂದವರು, ಮತ್ತೆ ಹೇಳಿದರು: "ಆದ್ರೂ ಒಂದ್ಸಲ ಕಿವಿ ತೋರ್ಸು. ಮಕ್ಕಳ ಡಾಕ್ಟ್ರ ಹತ್ರಾನೂ ಹೋಗ್ ಬಾ. ನಾನು ಮಿಸ್ಸು ಕಣಪ್ಪಾ, ಡಾಕ್ಟ್ರಲ್ಲ." ಆಮೇಲೆ ಇಂಪನಳ ಕಡೆ ತಿರುಗಿ, "ಇಂಪನಾ ಅವ್ರೇ, ನಿಮ್ಮಪ್ಪನ್ನ ಇಲ್ಲೇ ಕೂರ್ಸಿ, ನೀವು ಒಳಗೆ ಬಂದು ಮೊಲ ನೋಡ್ತೀರಾ? ನೋಡದಿದ್ರೂ ಪರವಾಗಿಲ್ಲ" ಎಂದರು. ಅದು ನಿಜವಾದ ಮೊಲವಲ್ಲ, ಹಳೇ ಕಾಲುಚೀಲಕ್ಕೆ ಹತ್ತಿ ತುಂಬಿ ಮಾಡಿದ್ದು. ಇಂಪನ ನೋಡಲು ಹೋದಳು. ಮಾತಾಡಲಿಲ್ಲ, ಆದರೆ ಹೋದಳು.

ಡಾಕ್ಟರು ಕಿವಿ ಸರಿಯಾಗಿದೆ ಎಂದರು. ಕೆಲವು ಮಕ್ಕಳು ಹೀಗಿರುತ್ತಾರೆ, ಬಲವಂತ ಮಾಡಬೇಡಿ, ಆಗಾಗ ಕರೆದುಕೊಂಡು ಬರುತ್ತಿರಿ ಎಂದರು. ಶೋಭಾ ಸ್ವಲ್ಪ ಉಸಿರು ಬಿಟ್ಟಳು.

ಹೊಸ ಮಗುವಿನ ಜೊತೆ ಅಪ್ಪನೋ ಅಮ್ಮನೋ ಬಂದು ಕೂರಬೇಕು, ಮಗುವೇ ಬೇಸರಪಟ್ಟು "ನೀನು ಹೋಗು" ಅನ್ನುವವರೆಗೆ ಇರಬೇಕು. ಇದು ಮಿಸ್ ಕಾನೂನು. ಸುಮ್ಮನೆ ಕೂರುವ ಹಾಗಿಲ್ಲ. ಮಕ್ಕಳ ಉಪ್ಪಿಟ್ಟಿಗೆ ಹುರಿದ ಕಡಲೆಬೀಜದ ಸಿಪ್ಪೆ ಬಿಡಿಸಬೇಕು, ಹಳೇ ಕ್ಯಾಲೆಂಡರ್ ಹಾಳೆ ಕತ್ತರಿಸಬೇಕು, ಚಳಿಗಾಲ ಬಂದರೆ ಅವರೆಕಾಯಿ ಬಿಡಿಸಬೇಕು. ಐದಾರು ಅಮ್ಮಂದಿರ ನಡುವೆ ನಾನೊಬ್ಬ ಗಂಡಸು ಮೊರ ಹಿಡಿದು ಕೂತಿರುತ್ತಿದ್ದೆ. ಅಲ್ಲಿ ನಾನು ಕಲಿತದ್ದಕ್ಕೆ ಲೆಕ್ಕವಿಲ್ಲ. ಹಲ್ಲು ಬರುವಾಗಿನ ಜ್ವರ, ಊಟ ಉಗುಳುವ ಮಕ್ಕಳಿಗೆ ಹೇಳುವ ಕಥೆ, ಅತ್ತೆಯಂದಿರ ಬುದ್ಧಿ, ಯಾವ ಶಾಲೆಯಲ್ಲಿ ಯಾವ ಮಿಸ್ ಕಿವಿ ಹಿಂಡುತ್ತಾರೆ, ಎಲ್ಲ. ಫ್ಯಾಕ್ಟರಿಯಲ್ಲಿ ಯಾರದೋ ಮಗುವಿಗೆ ಹೊಟ್ಟೆನೋವು ಅಂದರೆ ನಾನು ಓಮಿನ ಕಾಳಿನ ಮೇಲೆ ಭಾಷಣ ಮಾಡುವಷ್ಟು ಮುಂದುವರಿದೆ.

ಒಂದು ದಿನ ಇಂಪನ ನನ್ನ ಚಪ್ಪಲಿ ತಂದು ನನ್ನ ಮುಂದೆ ಇಟ್ಟಳು. ಮಾತಿಲ್ಲ. ಚಪ್ಪಲಿ ಮಾತ್ರ. ಮಿಸ್ ನಕ್ಕು, "ಆಯ್ತಲ್ಲಪ್ಪಾ, ಆರ್ಡರ್ ಬಂತು. ಹೊರಡು" ಅಂದರು.

ಹೊರಟೆ. ಹೊರಟರೂ ಕಾಲು ಹೋಗಲಿಲ್ಲ. ಎದುರುಗಡೆ ನಿಂತಿದ್ದ ಗೂಡ್ಸ್ ಆಟೋದ ಹಿಂದೆ ಅವಿತು, ಕಾಂಪೌಂಡಿನ ಸಂದಿಯಿಂದ ಇಣುಕುತ್ತಾ ನಿಂತೆ. ಮಾರನೇ ದಿನವೂ ನಿಂತೆ. ಅದರ ಮಾರನೇ ದಿನ ಎದುರು ಮನೆಯ ಯಜಮಾನರು ನನ್ನ ಕಾಲರ್ ಹಿಡಿದರು. "ಯಾರಯ್ಯ ನೀನು? ದಿನಾ ಮಕ್ಕಳ ಸ್ಕೂಲ್ ಹತ್ರ ಏನ್ ಇಣುಕ್ತೀಯ?" ಅಕ್ಕಪಕ್ಕದವರು ಸೇರಿದರು. ಹಾಲಿನವನು ಸೈಕಲ್ ನಿಲ್ಲಿಸಿದ. ನಾನು ಗಾಬರಿಯಲ್ಲಿ ಫ್ಯಾಕ್ಟರಿಯ ಐಡಿ ಕಾರ್ಡ್ ಹುಡುಕುತ್ತಿದ್ದರೆ, ಸಾಕಮ್ಮ ಮಿಸ್ ಗದ್ದಲ ಕೇಳಿ ಗೇಟಿಗೆ ಬಂದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಬಿಡ್ರೀ, ಬಿಡ್ರೀ. ಇದು ನಮ್ಮ ಸ್ಕೂಲಿನ ಮಗೂನೇ. ಇನ್ನೂ ಅಡ್ಜಸ್ಟ್ ಆಗಿಲ್ಲ."

ಆ ರಸ್ತೆಯಲ್ಲಿ ಇವತ್ತಿಗೂ ನಾನು ಹೋದರೆ ಆ ಯಜಮಾನರು, "ಏನ್ರೀ, ಅಡ್ಜಸ್ಟ್ ಆಯ್ತಾ?" ಎಂದೇ ಕೇಳುತ್ತಾರೆ.

ಮಿಸ್ ಹುಲಿಯೂರುದುರ್ಗದ ಕಡೆಯವರು. ಸಾಲಾಗಿ ಹೆಣ್ಣೇ ಹುಟ್ಟಿದ ಮನೆಯಲ್ಲಿ ಐದನೆಯವರು. ಹೆಣ್ಣು ಸಾಕು ಎಂದು ಹೆತ್ತವರು ಇಟ್ಟ ಹೆಸರು ಅದು. "ದೇವ್ರಿಗೆ ಕೇಳಿಸ್ತು ನೋಡು, ನನ್ ಹಿಂದೆ ಇಬ್ರು ಗಂಡು ಹುಟ್ಟಿದ್ವು. ಅದಕ್ಕೇ ನಮ್ಮಪ್ಪ ಸಂತೆಯಿಂದ ಬಂದ್ರೆ ಮೊದ್ಲು ಮಿಠಾಯಿ ನಂಗೇ ಕೊಡೋನು" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ "ಟೈಮ್ ಸಿಗ್ಲಿಲ್ಲ ಕಣಮ್ಮ" ಅನ್ನುವರು. ಯಾವುದೋ ಕಾನ್ವೆಂಟಿನಲ್ಲಿ ಬಹಳ ವರ್ಷ ಪಾಠ ಮಾಡಿ, ಮೂರು ವರ್ಷದ ಮಕ್ಕಳಿಗೆ ಪರೀಕ್ಷೆ ಇಡುತ್ತಾರೆಂದು ಜಗಳ ಆಡಿ ಬಂದವರು.

ಅವರಲ್ಲಿ ದೋಷವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಶಾಲೆಯ ಗಡಿಯಾರ ಯಾವತ್ತೂ ಸರಿಯಾದ ಹೊತ್ತು ತೋರಿಸಿದ್ದಿಲ್ಲ. ತರಕಾರಿಯವನ ಜೊತೆ ಒಂದು ಕಟ್ಟು ಕೊತ್ತಂಬರಿಗೆ ಬೀದಿ ಜಗಳ ಆಡುವರು. ಪೇರೆಂಟ್ಸ್ ಯಾರಾದರೂ "ಮಿಸ್, ಎಬಿಸಿಡಿ ಯಾವಾಗ ಬರೆಸ್ತೀರ?" ಅಂದರೆ ಉತ್ತರವನ್ನೇ ಕೊಡದೆ, "ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ಯಾ ಈ ಸಲ?" ಎಂದು ಮಾತು ತಿರುಗಿಸುವರು. ಅದರಿಂದ ಕೋಪಗೊಂಡು ಮಗು ಬಿಡಿಸಿಕೊಂಡು ಹೋದವರಿದ್ದರು. ಎಲ್ಲಕ್ಕಿಂತ ದೊಡ್ಡದು ಅವರ ನಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಮಕ್ಕಳನ್ನು ಚಾಪೆಯ ಮೇಲೆ ಮಲಗಿಸಿ, ಲಾಲಿ ಹಾಡುತ್ತಾ ಹಾಡುತ್ತಾ ಮೊದಲು ನಿದ್ದೆ ಹೋಗುತ್ತಿದ್ದವರು ಅವರೇ. ಗೊರಕೆ ಶುರುವಾದರೆ ಮಕ್ಕಳು "ಮಿಸ್ ಗಾಡಿ ಸ್ಟಾರ್ಟ್ ಆಯ್ತು" ಎಂದು ಕಿಸಿಕಿಸಿ ನಗುವರು. ಆಯಾ ರತ್ನಮ್ಮ ಎಚ್ಚರ ಇರುತ್ತಿದ್ದರಿಂದ ನಡೆಯುತ್ತಿತ್ತು.

ಆದರೆ ಒಂದು ದಿನ ರತ್ನಮ್ಮನ ಮಗನಿಗೆ ಜ್ವರ, ಆಕೆ ಬಂದಿರಲಿಲ್ಲ. ನನಗೆ ಅವತ್ತು ವಾರದ ರಜೆ. ಮಗಳನ್ನು ಕರೆತರಲು ಮಧ್ಯಾಹ್ನ ಹೋದರೆ ಮಿಸ್ ಗೇಟಿನಲ್ಲೇ ನಿಂತಿದ್ದರು. ಎರಡೂವರೆ ವರ್ಷದ ಗುಂಡ ಎಂಬ ಹುಡುಗನನ್ನು ಎದೆಗೆ ಅವಚಿಕೊಂಡಿದ್ದರು. ಬರಿಗಾಲು, ಕೆದರಿದ ತಲೆ, ಮುಖದಲ್ಲಿ ರಕ್ತವೇ ಇಲ್ಲ. ಏನಾಯಿತು ಮಿಸ್ ಅಂದರೆ, "ಎಲ್ರೂ ಬರ್ಲಿ, ತಡಿ. ಒಂದೇ ಸಲ ಹೇಳ್ತೀನಿ" ಅಂದರು.

ಎಲ್ಲ ಬಂದ ಮೇಲೆ ಹೇಳಿದರು. "ನಾನು ನಿದ್ದೆ ಮಾಡ್ಬಿಟ್ಟೆ. ಗ್ಯಾಸಿನವನು ಹೋದ್ಮೇಲೆ ಗೇಟಿನ ಚಿಲಕ ಹಾಕಿದೀನಾ ಅಂತ ನೋಡ್ಲಿಲ್ಲ. ಗುಂಡಪ್ನೋರು ಎದ್ದು ಮೇನ್ ರೋಡಿನ ತಂಕ ಹೋಗಿದ್ರು. ಎಳನೀರು ಗಾಡಿ ಹತ್ರ ಹೋಗಿ ಹಿಡ್ಕಂಡೆ. ಅಲ್ಲಿಂದ ಎರಡು ಮಾರು ಆಚೆ ಲಾರಿಗಳು. ತಪ್ಪು ನಂದೇ, ಬೇರೆ ಯಾರದೂ ಅಲ್ಲ."

ಗುಂಡನ ಅಮ್ಮ ಮಗುವನ್ನು ಕಿತ್ತುಕೊಂಡು ಅತ್ತುಬಿಟ್ಟಳು. ಅವನಪ್ಪ ವೆಲ್ಡಿಂಗ್ ಕೆಲಸದವರು, ಅಷ್ಟೆತ್ತರದ ಆಳು, ಕೂಗಾಡಿದರು. "ಏನಾದ್ರೂ ಆಗಿದ್ರೆ ಏನ್ ಮಾಡ್ತಿದ್ರಿ? ಹೇಳಿ!" ಮಿಸ್ ತಲೆ ತಗ್ಗಿಸಿ ನಿಂತಿದ್ದರು.

ಎಲ್ಲ ಹೊರಟ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಇದನ್ನ ಇವತ್ತು ಹೇಳ್ಬಾರ್ದು ಅನ್ಕಂಡಿದ್ದೆ ಕಣಪ್ಪಾ. ನನ್ ತಪ್ಪಿಗೆ ಇದನ್ನ ಮುಲಾಮು ಮಾಡ್ಕಂಡಂಗೆ ಆಯ್ತದೆ. ಆದ್ರೆ ತಡ್ಕಳಕ್ಕೆ ಆಗ್ತಿಲ್ಲ" ಎಂದರು. "ನನ್ನ ಎಬ್ಬಿಸಿದ್ದು ಯಾರು ಗೊತ್ತಾ? ಇಂಪನಾ ಅವ್ರು. ಮೊದ್ಲು ಅಲ್ಲಾಡಿಸಿದ್ರಂತೆ, ನಾನು ಏಳ್ಲಿಲ್ಲ. ಆಮೇಲೆ ನನ್ನ ಕಿವಿ ಹತ್ರ ಬಂದು ಕೂಗಿದ್ರು. 'ಮಿಸ್, ಗುಂಡ ರೋಡಿಗೆ ಹೋಗ್ತಾವ್ನೆ, ಎದ್ದೇಳಿ!' ಎಂಥಾ ಗಂಟ್ಲು ಅಂತೀಯ! ಇಡೀ ಬೀದಿಗೆ ಕೇಳಿಸಿರ್ಬೇಕು."

ನಾನು ಮಗಳ ಕಡೆ ನೋಡಿದೆ. ಅವಳು ಕಾಲುಚೀಲದ ಮೊಲದ ಕಿವಿ ಎಳೆಯುತ್ತಾ ಕೂತಿದ್ದಳು, ಇದೆಲ್ಲ ತನಗೆ ಸಂಬಂಧವೇ ಇಲ್ಲವೆಂಬಂತೆ. ನನಗೆ ಹೆದರಿಕೆಯೂ ಸಂತೋಷವೂ ಒಟ್ಟೊಟ್ಟಿಗೆ ಬಂದು, ಆ ಪುಟ್ಟ ಕುರ್ಚಿಯೊಂದರ ಮೇಲೆ ಹಾಗೆಯೇ ಕೂತುಬಿಟ್ಟೆ.

ಮನೆಯಲ್ಲಿ ಶೋಭಾಗೆ ಎಲ್ಲ ಹೇಳಿದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಅಜಾಗರೂಕತೆ ಎಂದರೆ ಉರಿದುಬೀಳುವವಳು. ಇಂಪನಳನ್ನು ಬಿಡಿಸಿಬಿಡೋಣ ಅಂತಾಳೆ ಎಂದೇ ನಾನು ಅಂದುಕೊಂಡೆ. ಮಾರನೇ ದಿನ ರಜೆ ಹಾಕಿ ನನ್ನ ಜೊತೆ ಬಂದಳು. ಅಲ್ಲಿ ಆಗಲೇ ಪೇರೆಂಟ್ಸ್ ಎಲ್ಲ ಸೇರಿದ್ದರು. ಇದನ್ನು ಮುಚ್ಚಿಸಬೇಕು ಎಂದು ಒಬ್ಬರು, ಪೊಲೀಸರಿಗೆ ಹೇಳಬೇಕು ಎಂದು ಇನ್ನೊಬ್ಬರು. ಮಿಸ್ ಬಾಗಿಲಲ್ಲಿ ನಿಂತು, "ನೀವು ಹೆಂಗೆ ಹೇಳಿದ್ರೆ ಹಂಗೆ" ಅಂದರು. ಮೊಟ್ಟಮೊದಲ ಸಲ ಅವರ ಬಾಯಲ್ಲಿ ನಮಗೆ ಬಹುವಚನ ಬಂದಿತ್ತು. ಅದನ್ನು ಕೇಳಿ ನನಗೆ ಸಂಕಟವಾಯಿತು.

ಶೋಭಾ ಎದ್ದಳು. "ಗುಂಡ ಸೇಫಾಗಿ ಸಿಕ್ಕಿದ್ದ. ಮಕ್ಕಳು ಏನಾದ್ರೂ ಅಂದ್ರೂ ಆಟದ ಮಾತು ಅನ್ಕೊಂಡು ಬಿಡ್ತಿದ್ವಿ. ಮಿಸ್ ಬಾಯಿ ಮುಚ್ಕೊಂಡಿದ್ರೆ ನಮಗೆ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ. ಅವ್ರೇ ಹೇಳಿದ್ರು. ತಪ್ಪು ಆಗದೇ ಇರೋ ಜಾಗ ಎಲ್ಲೂ ಇಲ್ಲ, ನಾನು ದಿನಾ ನೋಡ್ತೀನಿ. ತಪ್ಪು ಮುಚ್ಚಿಡೋ ಜಾಗದಲ್ಲಿ ನನ್ ಮಗು ಬಿಡೋಕೆ ನಂಗೆ ಭಯ" ಅಂದಳು. ಆಮೇಲೆ ಮಿಸ್ ಕಡೆ ತಿರುಗಿ, ದನಿ ಬದಲಿಸಿ, "ಆದ್ರೆ ಇನ್ಮೇಲೆ ಮಧ್ಯಾಹ್ನ ನೀವೊಬ್ರೇ ಇರೋ ಹಾಗಿಲ್ಲ. ದಿನಾ ನಮ್ಮಲ್ಲಿ ಒಬ್ರು ಬಂದು ಕೂರ್ತೀವಿ. ನೀವು ಬೇಡ ಅಂದ್ರೂ" ಎಂದಳು.

"ಬೇಡ ಅನ್ನಕ್ಕೆ ನಂಗೆ ಮುಖ ಎಲ್ಲೈತಮ್ಮ" ಅಂದರು ಮಿಸ್.

ಎರಡು ಮನೆಯವರು ಮಕ್ಕಳನ್ನು ಬಿಡಿಸಿಕೊಂಡರು. ಅವರದೇನೂ ತಪ್ಪಿಲ್ಲ. ಗುಂಡನೂ ಆ ವಾರವೆಲ್ಲ ಬರಲಿಲ್ಲ. ಮುಂದಿನ ಸೋಮವಾರ ಅವನಪ್ಪ ವೆಲ್ಡಿಂಗ್ ಮಿಷನ್ ಸಮೇತ ಬಂದಿಳಿದರು. ಹಳೇ ಗೇಟು ಕಿತ್ತು, ಹೊಸ ಗೇಟು ನಿಲ್ಲಿಸಿ, ಮಕ್ಕಳ ಕೈಗೆಟುಕದ ಎತ್ತರದಲ್ಲಿ ಎರಡು ಬೋಲ್ಟು ಕೂರಿಸಿದರು. ಕೆಲಸ ಮುಗಿಸಿ, ಒಳಗೆ ಹೋಗಿ, "ನಾಳೆಯಿಂದ ಇವನು ಬರ್ತಾನೆ ಮಿಸ್" ಅಂದರು. ಮಿಸ್ ಕಣ್ಣೊರೆಸಿಕೊಂಡು, "ಚೆನ್ನಾಗಿ ಮಾಡಿದ್ಯಲ್ಲೋ, ಬಾ, ಕಾಫಿ ಕುಡಿ" ಅಂದಾಗ ನಮಗೆಲ್ಲ ಜೀವ ಬಂದಂತಾಯಿತು. ಏಕವಚನ ಮರಳಿತ್ತು.

ಇಂಪನಳ ಮಾತು ಅವತ್ತೇ ಕಟ್ಟೆ ಒಡೆದು ಹರಿಯಿತು ಅಂದುಕೊಳ್ಳಬೇಡಿ. ಮತ್ತೆ ಒಂದಷ್ಟು ದಿನ ಮೌನ. ಆಮೇಲೆ ಗುಂಡನ ಜೊತೆ ಪಿಸುಮಾತು, ಆಮೇಲೆ ಮೊಲದ ಹೆಸರಿನಲ್ಲಿ ಮಿಸ್‌ಗೆ ದೂರು. ವರ್ಷ ಕಳೆಯುವಷ್ಟರಲ್ಲಿ ಮಿಸ್ ನನ್ನನ್ನು ಗೇಟಿನಲ್ಲಿ ನಿಲ್ಲಿಸಿ, "ಅಲ್ಲ ಕಣಪ್ಪಾ, ಇವ್ರ ಮಾತು ನಿಲ್ಸೋಕೆ ಯಾವ ಡಾಕ್ಟ್ರ ಹತ್ರ ಹೋಗ್ಬೇಕು?" ಎಂದು ಕೇಳುವಂತಾಯಿತು.

ಒಂದನೇ ಕ್ಲಾಸಿಗೆ ಎಲ್ಲಿ ಸೇರಿಸುವುದು ಎಂದು ಕೇಳಿದಾಗ ಅವರು ಯಾವ ಶಾಲೆಯ ಹೆಸರನ್ನೂ ಹೇಳಲಿಲ್ಲ. "ಬಿಲ್ಡಿಂಗ್ ನೋಡ್ಬೇಡ. ಸ್ಕೂಲ್ ಬಿಡೋ ಹೊತ್ಗೆ ಗೇಟ್ ಹತ್ರ ನಿಂತ್ಕ. ಇಣುಕೋದು ನಿಂಗೇನು ಹೊಸದಲ್ವಲ್ಲ. ಮಕ್ಳು ಹೆಂಗೆ ಆಚೆಗೆ ಬರ್ತಾರೆ ನೋಡು" ಅಂದರು. ಶೋಭಾಳೂ ನಾನೂ ರಜೆ ಹಾಕಿ ತುಮಕೂರಿನ ಒಂದೊಂದೇ ಶಾಲೆಯ ಗೇಟು ಕಾದೆವು. ಒಂದು ಕಡೆ ಮಕ್ಕಳು ಜೈಲಿಂದ ಬಿಟ್ಟಂತೆ ಓಡಿ ಬಂದರು. ಇನ್ನೊಂದು ಕಡೆ ಸಾಲಿನಲ್ಲಿ ಬಾಯಿಗೆ ಬೆರಳಿಟ್ಟು ಬಂದರು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಸರ್ಕಾರಿ ಶಾಲೆಯಲ್ಲಿ ಮಾತ್ರ, ಗೇಟಿನವರೆಗೆ ಬಂದ ಒಂದು ಹುಡುಗಿ ಏನೋ ನೆನಪಾಗಿ, "ಮಿಸ್, ಮಿಸ್, ಒಂದು ಹೇಳೋದು ಮರ್ತೆ" ಎಂದು ಮತ್ತೆ ಒಳಗೆ ಓಡಿದಳು. ಶೋಭಾ ನನ್ನ ಕೈ ಹಿಡಿದು, "ಇಲ್ಲೇ" ಅಂದಳು. ಇಂಪನ ಈಗ ಅಲ್ಲೇ ಓದುತ್ತಿದ್ದಾಳೆ.

ಆಮೇಲೆ ಮಿಸ್‌ಗೆ ಮಂಡಿನೋವು ಹೆಚ್ಚಾಯಿತು. ಶಿಶುವಿಹಾರ ನಿಲ್ಲಿಸಿ, ಹುಲಿಯೂರುದುರ್ಗದಲ್ಲಿ ಅಕ್ಕನ ಮನೆ ಸೇರಿದರು. ಶಿರಾ ಗೇಟಿನ ಆ ಹಾಲಿನಲ್ಲಿ ಈಗ ಟೈಲರಿಂಗ್ ಅಂಗಡಿ ಇದೆ. ಈ ವರ್ಷ ಯುಗಾದಿಗೆ ಮುಂಚೆ ಮಿಸ್ ಹೋಗಿಬಿಟ್ಟರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಸುದ್ದಿ ತಿಳಿದಾಗ ಗುಂಡನ ಅಪ್ಪ ಫೋನ್ ಮಾಡಿ, ಆ ಗೇಟು ಈಗಲೂ ಅಲ್ಲೇ ಇದೆಯಾ ಎಂದು ಕೇಳಿದರು. ಇದೆ ಎಂದೆ.

ಅವರನ್ನು ಕಡೆಯದಾಗಿ ನೋಡಿದ್ದು ಅದಕ್ಕೂ ಹಿಂದಿನ ದಸರಾ ರಜೆಯಲ್ಲಿ. ಕುಣಿಗಲ್‌ನಲ್ಲಿ ಬಸ್ ಬದಲಿಸಿ ಮೂವರೂ ಹುಲಿಯೂರುದುರ್ಗಕ್ಕೆ ಹೋಗಿದ್ದೆವು. ಅಕ್ಕನ ಮನೆಯ ಪಕ್ಕದಲ್ಲೇ ಅಂಗನವಾಡಿ. ಮಿಸ್ ದಿನಾ ಕರೆಯದೆಯೇ ಅಲ್ಲಿಗೆ ಹೋಗಿ ಕೂರುತ್ತಾರಂತೆ. ಅಲ್ಲಿನ ಟೀಚರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, "ಇವ್ರ ದೆಸೆಯಿಂದ ಮಕ್ಳೆಲ್ಲ ತಮ್ಗೆ ನಾನೂ 'ಬನ್ನಿ, ಹೋಗಿ' ಅನ್ಬೇಕು ಅಂತ ಕೂತವ್ರೆ" ಎಂದು ನಗುತ್ತಾ ದೂರು ಹೇಳಿದಳು. ರಾಗಿಮುದ್ದೆ, ಹುರುಳಿಕಾಳಿನ ಸಾರು ಉಂಡೆವು.

ಹೊರಡುವಾಗ ಮಿಸ್ ಕೋಲು ಊರಿಕೊಂಡು ಬಸ್ ನಿಲ್ದಾಣದವರೆಗೆ ಬಂದರು. ಇಂಪನ ಅವರ ಕೈ ಹಿಡಿದು ತನ್ನ ಶಾಲೆಯಲ್ಲಿ ನಡೆದ ಯಾವುದೋ ಉದ್ದನೆಯ ಕಥೆ ಹೇಳುತ್ತಿದ್ದಳು. ಹೆಡ್ ಮೇಡಮ್ಮಿನ ಛತ್ರಿ, ಕೋತಿ, ಬಿಸಿಯೂಟದ ಸಾಂಬಾರ್ ಪಾತ್ರೆ, ಎಲ್ಲ ಅದರಲ್ಲಿತ್ತು. ಕುಣಿಗಲ್ ಬಸ್ಸು ಬಂತು. ಜನ ಹತ್ತಿದರು, ನಾವೂ ಹತ್ತಿ ಸೀಟು ಹಿಡಿದೆವು. ಕಂಡಕ್ಟರು ಸೀಟಿ ಊದಿದ. ಬಾಗಿಲ ಮೆಟ್ಟಿಲಲ್ಲೇ ನಿಂತಿದ್ದ ಇಂಪನ, "ಅಯ್ಯೋ ಮಿಸ್, ಕೋತಿ ಛತ್ರಿ ತಗೊಂಡು ಏನ್ ಮಾಡ್ತು ಅಂತ ಹೇಳೇ ಇಲ್ಲ" ಅಂದಳು.

ಮಿಸ್ ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು ಕಂಬಿ ಹಿಡಿದು ನಿಂತರು.

"ಅಜ್ಜಿ, ಹತ್ತೀಯಾ, ಇಳೀತೀಯಾ?" ಎಂದ ಕಂಡಕ್ಟರು.

"ಎರಡೂ ಇಲ್ಲ. ತಡಿಯಪ್ಪಾ, ಮಾತು ಮುಗೀಲಿ."

ಡ್ರೈವರು ಹಿಂದಕ್ಕೆ ತಿರುಗಿ ನೋಡಿ ಇಂಜಿನ್ ಆಫ್ ಮಾಡಿದ. ಬಸ್ಸಿನಲ್ಲಿ ಕೂತಿದ್ದವರೆಲ್ಲ ಕತ್ತು ಚಾಚಿದರು. ಇಂಪನ ಯಾವ ಅವಸರವೂ ಇಲ್ಲದೆ, ಕೋತಿ ಶಾಲೆಯ ಹೆಂಚಿನ ಮೇಲೆ ಕೂತು ಛತ್ರಿ ಬಿಚ್ಚಿದ್ದನ್ನು, ಬಿಚ್ಚಿದ ರಭಸಕ್ಕೆ ತಾನೇ ಹೆದರಿ ಹಿಂದಕ್ಕೆ ಬಿದ್ದದ್ದನ್ನು, ಗಟ್ಟಿಯಾಗಿ, ಕಟ್ಟಕಡೆಯ ಸೀಟಿಗೂ ಕೇಳಿಸುವಂತೆ ಹೇಳಿ ಮುಗಿಸಿದಳು. ಬಸ್ಸಿಗೆ ಬಸ್ಸೇ ನಕ್ಕಿತು. ಮಿಸ್ ಎಲ್ಲರಿಗಿಂತ ಜೋರಾಗಿ ನಕ್ಕು, ಕಾಲು ಕೆಳಗಿಳಿಸಿ, ಬಸ್ಸಿನ ಮೈಯನ್ನು ಅಂಗೈಯಿಂದ ಎರಡು ಸಲ ಬಡಿದರು.

"ಹ್ಞೂಂ, ಈಗ ಹೊರಡಿ."